ಕ್ಯಾಥೊಲಿಕ ಸಂಘಗಳ ಲೋಕಸೇವೆಯೂ ನಮ್ಮ ಸಾರ್ವಜನಿಕ ಜೀವನವೂ

೨೦೨೧ನೆಯ ಇಸವಿಯ ಡಿಸೆಂಬರ ತಿಂಗಳಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೂಡಿದ ವಿಧಾನಸಭೆಯು ಮತಾಂತರ ನಿರ್ಬಂಧದ ಮಸೂದೆಯನ್ನು ಅಂಗೀಕರಿಸಿದಾಗ, ನಾಡಿನ ಗಮನವೆಲ್ಲವೂ ಸೆರೆಮನೆಯ ವರ್ಷಗಳೆಷ್ಟು, ದಂಡದ ರೂಪಾಯಿಗಳೆಷ್ಟು ಎಂಬುದರ ಮೇಲೆಯೇ ನಿಂತಿತು. ಪರವಾಗಿ ಮಾತಾಡಿದವರೂ ವಿರೋಧಿಸಿದವರೂ ಈ ಲೆಕ್ಕದಲ್ಲಿಯೇ ಮುಳುಗಿದರು. ಆದರೆ ಕಾಯಿದೆಯ ನಿಜವಾದ ಬಲವಿದ್ದುದು ಶಿಕ್ಷೆಯ ಕಲಮಿನಲ್ಲಿ ಅಲ್ಲ, ವ್ಯಾಖ್ಯೆಯ ಕಲಮಿನಲ್ಲಿ. ‘ಆಮಿಷ’ವೆಂದರೇನು ಎಂದು ಹೇಳುವಲ್ಲಿ ಕಾಯಿದೆಯು ಕಾಣಿಕೆ, ಹಣ, ಉದ್ಯೋಗ, ಮದುವೆಯ ವಾಗ್ದಾನ, ಉತ್ತಮ ಜೀವನಕ್ರಮ ಎಂಬವುಗಳ ಸಾಲಿನಲ್ಲಿಯೇ ಧಾರ್ಮಿಕ ಸಂಸ್ಥೆಯು ನಡೆಸುವ ಶಾಲೆ ಕಾಲೇಜುಗಳಲ್ಲಿ ದೊರೆಯುವ ಪುಕ್ಕಟೆ ಶಿಕ್ಷಣವನ್ನೂ ಎಣಿಸಿತು. ೨೦೨೨ರ ಮೇ ತಿಂಗಳಿನಲ್ಲಿ ಇದು ಸುಗ್ರೀವಾಜ್ಞೆಯಾಗಿ ಹೊರಟಿತು; ಅದೇ ವರ್ಷದ ಸಪ್ಟೆಂಬರದಲ್ಲಿ ವಿಧಾನಪರಿಷತ್ತಿನ ಒಪ್ಪಿಗೆಯನ್ನು ಪಡೆದು ಕಾಯಿದೆಯಾಯಿತು. ೨೦೨೩ರ ಜೂನ ೧೫ರಂದು, ಚುನಾವಣೆಯಲ್ಲಿ ಗೆದ್ದುಬಂದ ಹೊಸ ಸರಕಾರದ ಸಚಿವಸಂಪುಟವು ಇದನ್ನು ರದ್ದುಪಡಿಸಬೇಕೆಂದು ತೀರ್ಮಾನಿಸಿತು. ಒಂದು ಸರಕಾರವು ಬರೆದುದನ್ನು ಇನ್ನೊಂದು ಸರಕಾರವು ಅಳಿಸಹೊರಡುವುದು ನಮ್ಮ ರಾಜಕಾರಣದಲ್ಲಿ ಹೊಸತಲ್ಲ. ಆದರೆ ಕಾಯಿದೆಯು ಎತ್ತಿದ ಪ್ರಶ್ನೆಯು ಸಂಪುಟದ ತೀರ್ಮಾನದಿಂದ ಅಳಿಯುವಂಥದಲ್ಲ. ಮತಸಂಸ್ಥೆಯೊಂದು ಬಡವನಿಗೆ ಔಷಧವನ್ನೂ ಅಕ್ಷರವನ್ನೂ ಕೊಡುವಾಗ ಅದು ಸಾರ್ವಜನಿಕರಿಗೆ ಕೊಡುತ್ತಿದೆಯೋ, ತನ್ನ ಮತಕ್ಕೆ ಕೊಳ್ಳುತ್ತಿದೆಯೋ? ಇದನ್ನು ನಿರ್ಣಯಿಸುವವರು ಯಾರು? ಯಾವ ಅಳತೆಯಿಂದ?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಕೇಳುವುದು ಬೇರೆ, ಚಿಕ್ಕೋಡಿ ಸೀಮೆಯಲ್ಲಿ ನಿಂತು ಕೇಳುವುದು ಬೇರೆ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದ ಕ್ರೈಸ್ತರು ನೂರಕ್ಕೆ ೧.೮೭ರಷ್ಟು ಮಾತ್ರ, ಅವರಲ್ಲಿ ಬಹುಭಾಗವು ಕರಾವಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿದವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಅವರ ಸಂಖ್ಯೆಯು ಅತ್ಯಲ್ಪ. ಆದರೂ ಈ ಐದು ತಾಲೂಕುಗಳ ಜನರಿಗೆ ಮಿಶನ್ ದವಾಖಾನೆಯೆಂಬ ಮಾತು ಅಪರಿಚಿತವಲ್ಲ. ವಿಲಿಯಂ ವಾನ್‌ಲೆಸ್ ಎಂಬ ವೈದ್ಯರು ೧೮೯೪ರಲ್ಲಿ ಮಿರಜಿನಲ್ಲಿ ತೆರೆದ ಆಸ್ಪತ್ರೆಗೆ ಈ ಭಾಗದ ರೋಗಿಗಳು ಪೀಳಿಗೆಗಳಿಂದ ಹೋಗಿ ಬಂದಿದ್ದಾರೆ. ಕರೋಶಿಯಂಥ ಒಂದು ಗ್ರಾಮದ ಒಕ್ಕಲಿಗನು ಕಣ್ಣಿನ ಪೊರೆಗೋ ಹೊಟ್ಟೆಯ ಗಡ್ಡೆಗೋ ಮಿರಜಿನ ದಾರಿಯನ್ನು ಹಿಡಿದಾಗ, ಆ ದವಾಖಾನೆಯು ಪ್ರಾಟೆಸ್ಟಂಟ ಪಂಥದ ಪ್ರೆಸ್ಬಿಟೇರಿಯನ್ನರದೋ ರೋಮಿನ ಪೋಪರಿಗೆ ನಡೆದುಕೊಳ್ಳುವ ಕ್ಯಾಥೊಲಿಕರದೋ ಎಂದು ವಿಚಾರಿಸಿದವನಲ್ಲ. ಅವನ ಪಾಲಿಗೆ ಎರಡೂ ‘ಮಿಶನ್’. ಅದು ಪ್ರೆಸ್ಬಿಟೇರಿಯನ್ನರದಾಗಿತ್ತೆಂಬುದನ್ನು ನಾವು ಇಲ್ಲಿ ಸ್ಪಷ್ಟಪಡಿಸುತ್ತೇವೆ. ಏಕೆಂದರೆ ಒಬ್ಬರ ಪುಣ್ಯವನ್ನು ಇನ್ನೊಬ್ಬರ ಖಾತೆಗೆ ಜಮೆ ಮಾಡುವುದೂ, ಒಬ್ಬರ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟುವುದೂ ಈ ಚರ್ಚೆಯಲ್ಲಿ ನಿತ್ಯದ ದೋಷಗಳಾಗಿವೆ.

ಕ್ಯಾಥೊಲಿಕರ ಹಾದಿಯು ಬೇರೆಯಾಗಿತ್ತು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ ೧೮೫೬ರಲ್ಲಿ ಹುಟ್ಟಿದ ಸಂತ ಪೌಲರ ಶಾಲೆಯು ಈ ಜಿಲ್ಲೆಯಲ್ಲಿ ಅವರ ಹಳೆಯ ಗುರುತು. ಬೆಳಗಾವಿಯು ಪ್ರತ್ಯೇಕ ಧರ್ಮಪ್ರಾಂತವಾದದ್ದು ಬಹಳ ತಡವಾಗಿ, ೧೯೫೩ರಲ್ಲಿ. ಅದಕ್ಕೆ ಮೊದಲು ಈ ಭಾಗವು ಗೋವೆಯ ಮತ್ತು ಪುಣೆಯ ಕಡೆಗೆ ಮುಖಮಾಡಿತ್ತು. ಆದುದರಿಂದ ಕ್ಯಾಥೊಲಿಕ ಲೋಕಸೇವೆಯ ಸ್ವರೂಪವನ್ನು ಅರಿಯಬೇಕಾದರೆ ನಾವು ಕನ್ನಡನಾಡಿನ ಇನ್ನೊಂದು ತುದಿಗೆ, ಮಂಗಳೂರಿಗೆ ಹೋಗಬೇಕು.

ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಯು ೧೮೭೮ರ ಕೊನೆಯ ದಿನದಂದು ಇಟಲಿಯ ಜೆಸುಯಿಟರೊಂದಿಗೆ ಮಂಗಳೂರಿನಲ್ಲಿ ಇಳಿದನು. ಇವನು ವೈದ್ಯ ಪದವೀಧರನಲ್ಲ. ಗಣಿತವನ್ನೂ ಫ್ರೆಂಚ್ ಭಾಷೆಯನ್ನೂ ಬಲ್ಲವನು, ಕಲಿಸಲು ಬಂದವನು. ಆದರೆ ಹೋಮಿಯೋಪಥಿಯ ಪರಿಚಯವಿದ್ದುದರಿಂದ ೧೮೮೦ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಔಷಧವನ್ನು ಹಂಚತೊಡಗಿದನು. ಅದಕ್ಕೆ ಅವನಿಟ್ಟ ಹೆಸರೇ ಬಡವರ ಹೋಮಿಯೋಪಥಿ ಔಷಧಾಲಯ. ೧೮೯೦ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವು ಹುಟ್ಟಿತು. ೧೯೦೨ರಲ್ಲಿ ಪ್ಲೇಗಿನ ಮಾರಿಯು ಊರನ್ನು ಹೊಕ್ಕಾಗ ಪ್ಲೇಗಿನ ಆಸ್ಪತ್ರೆಯೂ ಎದ್ದಿತು. ತನ್ನವರೇ ಮುಟ್ಟಲೊಲ್ಲದ ರೋಗಿಯನ್ನು ಪರದೇಶದವನೊಬ್ಬನು ಮುಟ್ಟಿದನು. ಕುಷ್ಠವಾದವನನ್ನು ಮನೆಯವರು ಊರಾಚೆಗೆ ಕಳುಹಿಸುತ್ತಿದ್ದ ಕಾಲವದು. ೧೮೯೮ರಲ್ಲಿ ಬ್ರಿಟಿಶ್ ಸರಕಾರವು ಮಾಡಿದ ಕುಷ್ಠರೋಗಿಗಳ ಕಾಯಿದೆಯು ಭಿಕ್ಷೆ ಬೇಡುವ ರೋಗಿಯನ್ನು ಹಿಡಿದು ಕೂಡಿಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಕಾಲವದು. ಅಂಥ ಕಾಲದಲ್ಲಿ ಕಂಕನಾಡಿಯಲ್ಲಿ ರೋಗಿಗೆ ಹಾಸಿಗೆ ದೊರೆಯಿತು. ಮುಲ್ಲರನು ೧೯೧೦ರ ನವಂಬರ ೧ರಂದು ತೀರಿಕೊಂಡನು. ಸಂಸ್ಥೆಯು ಅವನೊಂದಿಗೆ ತೀರಲಿಲ್ಲ. ೧೯೮೫ರಲ್ಲಿ ಹೋಮಿಯೋಪಥಿ ಕಾಲೇಜನ್ನೂ ೧೯೯೯ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆದು ಬೆಳೆಯಿತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಲಕ್ಷಿಸಬೇಕೆಂದು ನಾವು ಬಯಸುತ್ತೇವೆ. ಈ ಧರ್ಮಕಾರ್ಯಕ್ಕೆ ಹಣವು ಎಲ್ಲಿಂದ ಬಂದಿತು? ಯೂರೋಪಿನ ಭಕ್ತರ ದಾನವು ಬಂದಿತೆಂಬುದು ನಿಜವಾದರೂ, ಅದಕ್ಕಿಂತ ಗಟ್ಟಿಯಾದ ಮೂಲವೊಂದಿತ್ತು. ಮುಲ್ಲರನು ಔಷಧಗಳನ್ನು ತಯಾರಿಸಿ, ಕೊಳ್ಳಬಲ್ಲವರಿಗೆ ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮಾರುತ್ತಿದ್ದನು. ಆ ಮಾರಾಟದ ಉಳಿತಾಯದಿಂದ ಕೊಳ್ಳಲಾರದವರಿಗೆ ಪುಕ್ಕಟೆಯಾಗಿ ಕೊಡುತ್ತಿದ್ದನು. ಅರ್ಥಾತ್ ಭಾರತದ ಉಳ್ಳವನ ಹಣವೇ ಭಾರತದ ಇಲ್ಲದವನ ಔಷಧವಾಯಿತು. ನಮ್ಮ ಹಿರಿಯರು ಇದನ್ನೇ ಕಾಯಕವೆಂದೂ ದಾಸೋಹವೆಂದೂ ಕರೆದರು. ಎರಡರ ಹಿಂದಿರುವ ದೈವವು ಬೇರೆಯಾದ ಮಾತ್ರಕ್ಕೆ ಲೆಕ್ಕದ ಪುಸ್ತಕವು ಬೇರೆಯಾಗುವದಿಲ್ಲ.

ಪುರುಷರ ಕಥೆಯು ಹೇಗೋ ಬರಹಕ್ಕೆ ಬರುತ್ತದೆ. ಸ್ತ್ರೀಯರದು ಬರುವುದು ಕಡಿಮೆ. ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆಯನ್ನು ೧೮೮೬ರಲ್ಲಿ ಕಟ್ಟಿದವರು ಗುಡ್ ಶೆಪರ್ಡ್ ಸಂಘದ ಸಂನ್ಯಾಸಿನಿಯರು. ಆಸ್ಟ್ರೇಲಿಯದ ಮೇರಿ ಗ್ಲೌರಿ ಎಂಬ ವೈದ್ಯೆಯು ೧೯೨೦ರಲ್ಲಿ ಹಿಂದುಸ್ಥಾನಕ್ಕೆ ಬಂದು ಗುಂಟೂರಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿದಳು. ವಿಚಿತ್ರವೆಂದರೆ, ಆ ಕಾಲದಲ್ಲಿ ಸಂನ್ಯಾಸಿನಿಯು ವೈದ್ಯವೃತ್ತಿಯನ್ನು ನಡೆಸಬೇಕಾದರೆ ರೋಮಿನ ವಿಶೇಷ ಅಪ್ಪಣೆಯು ಬೇಕಾಗಿತ್ತು. ಹೆರಿಗೆಯ ಕೋಣೆಯಿಂದ ಅವರನ್ನು ದೂರವಿಡುವ ನಿಯಮವು ೧೯೩೬ರಲ್ಲಿ ಸಡಿಲಾಯಿತು. ಗಂಡು ವೈದ್ಯನ ಮುಂದೆ ಬರಲೊಲ್ಲದ ಬಾಣಂತಿಯು ಇತ್ತ ಸಾಯುತ್ತಿರಲು, ಅವಳನ್ನು ಉಳಿಸಬಲ್ಲ ಸೋದರಿಯ ಕೈಗಳನ್ನು ಅತ್ತ ರೋಮಿನ ನಿಯಮವು ಕಟ್ಟಿತ್ತು! ಮಡಿಮೈಲಿಗೆಯು ನಮ್ಮ ಅಗ್ರಹಾರಗಳ ಏಕಸ್ವಾಮ್ಯವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಪ್ಪಣೆಯನ್ನು ಪಡೆದ ಗ್ಲೌರಿಯು ಲಕ್ಷಾವಧಿ ರೋಗಿಗಳ ನಡುವೆ ದುಡಿದು, ೧೯೪೩ರಲ್ಲಿ ಕ್ಯಾಥೊಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದಳು. ೧೯೫೭ರಲ್ಲಿ ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟಳು. ಆ ಸಂಘದಲ್ಲಿ ಈಗ ಮೂರುವರೆ ಸಾವಿರಕ್ಕೂ ಮೇಲ್ಪಟ್ಟು ಸಂಸ್ಥೆಗಳಿವೆ. ಕ್ಯಾಥೊಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವಳ ಹಂಬಲವು ೧೯೬೩ರಲ್ಲಿ ಬೆಂಗಳೂರಿನ ಸಂತ ಜಾನರ ಕಾಲೇಜಿನ ರೂಪದಲ್ಲಿ ಕೈಗೂಡಿತು. ಪದವಿ ಪಡೆದವರು ಎರಡು ವರ್ಷ ಹಳ್ಳಿಗಾಡಿನಲ್ಲಿ ಸೇವೆ ಮಾಡಬೇಕೆಂಬ ಕರಾರು ಆ ಕಾಲೇಜಿನ ಹೆಗ್ಗಳಿಕೆ. ಸರಕಾರದ ಹಣದಿಂದ ಓದಿದ ವೈದ್ಯರನ್ನು ಹಳ್ಳಿಗೆ ಕಳುಹಿಸಲು ನಮ್ಮ ಆರೋಗ್ಯ ಇಲಾಖೆಯು ಎಷ್ಟು ಹೆಣಗಿದೆಯೆಂಬುದನ್ನು ಬಲ್ಲವರು ಈ ಕರಾರನ್ನು ಹಗುರವಾಗಿ ಕಾಣಲಾರರು.

ಇಷ್ಟನ್ನು ಒಪ್ಪಿಕೊಂಡ ಮೇಲೆ, ರಾಷ್ಟ್ರೀಯ ಮನೋಭಾವದವರ ಆಕ್ಷೇಪವನ್ನೂ ಅದರ ಪೂರ್ಣ ಬಲದಲ್ಲಿ ಇಡುವುದು ನಮ್ಮ ಕರ್ತವ್ಯ. ಆ ಆಕ್ಷೇಪವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಕೇವಲ ದ್ವೇಷದಿಂದ ಹುಟ್ಟಿದುದೂ ಅಲ್ಲ. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಮಹಾತ್ಮರು ಅನೇಕ ಪಾದ್ರಿಗಳ ಸ್ನೇಹಿತರಾಗಿದ್ದರೂ, ರೋಗಿಯ ಹಾಸಿಗೆಯ ಬಳಿ ನಿಂತು ಮತವನ್ನು ಬೋಧಿಸುವುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಸೇವೆಗೆ ಸೇವೆಯೇ ಫಲವಾಗಿರಬೇಕೆಂದೂ, ಅದರ ಬೆನ್ನಿಗೆ ಇನ್ನೊಂದು ಉದ್ದೇಶವು ಅಂಟಿಕೊಂಡರೆ ಸೇವೆಯೇ ಮಲಿನವಾಗುವುದೆಂದೂ ಅವರ ನಿಲುವಾಗಿತ್ತು. ಸ್ವರಾಜ್ಯವು ಬಂದ ಮೇಲೆ ಮಧ್ಯಪ್ರದೇಶ ಸರಕಾರವು ನಾಗಪುರ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ನಿಯೋಗಿಯವರ ಅಧ್ಯಕ್ಷತೆಯಲ್ಲಿ ೧೯೫೪ರಲ್ಲಿ ನೇಮಿಸಿದ ಸಮಿತಿಯು, ೧೯೫೬ರ ತನ್ನ ವರದಿಯಲ್ಲಿ ಶಾಲೆ ಆಸ್ಪತ್ರೆಗಳು ಮತಾಂತರದ ಸಾಧನಗಳಾಗಿವೆಯೆಂದು ಕಟುವಾಗಿ ನುಡಿಯಿತು. ೧೯೭೭ರಲ್ಲಿ ಸ್ಟಾನಿಸ್ಲಾಸ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ಸುಪ್ರೀಮ ಕೋರ್ಟು, ತನ್ನ ಮತವನ್ನು ಪ್ರಚುರಪಡಿಸುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಗಿಲ್ಲವೆಂದು ತೀರ್ಪಿತ್ತಿತು. ಆದುದರಿಂದ ಬಲಾತ್ಕಾರವನ್ನೂ ವಂಚನೆಯನ್ನೂ ತಡೆಯಲು ಕಾಯಿದೆ ಮಾಡುವ ಅಧಿಕಾರವೇ ಸರಕಾರಕ್ಕಿಲ್ಲವೆಂದು ಯಾರಾದರೂ ವಾದಿಸಿದರೆ ನಾವು ಒಪ್ಪಲಾರೆವು. ಹಸಿದವನ ಮುಂದೆ ಅನ್ನವನ್ನೂ ಪ್ರಾರ್ಥನಾ ಪುಸ್ತಕವನ್ನೂ ಒಟ್ಟಿಗೆ ಇಟ್ಟು, ಎರಡನ್ನೂ ತೆಗೆದುಕೋ, ಇಲ್ಲವಾದರೆ ಎರಡನ್ನೂ ಬಿಡು ಎನ್ನುವವನು ದಾನಿಯಲ್ಲ, ವ್ಯಾಪಾರಿ.

ಆದರೆ ಬೆಳಗಾವಿಯಲ್ಲಿ ಅಂಗೀಕೃತವಾದ ಕಾಯಿದೆಯು ಈ ವ್ಯಾಪಾರಿಯನ್ನು ಹಿಡಿಯಲು ಬೀಸಿದ ಬಲೆಯ ಕಣ್ಣುಗಳು ಎಷ್ಟು ಸಣ್ಣವೆಂದರೆ, ದಾನಿಯೂ ಅದರಲ್ಲಿ ಸಿಕ್ಕಿಬೀಳುತ್ತಾನೆ. ಕಾಯಿದೆಯ ಮಾತುಗಳನ್ನೇ ನೋಡೋಣ. ಮತಾಂತರವು ಆಮಿಷದಿಂದಾಯಿತೆಂದು ದೂರುವ ಅಧಿಕಾರವು ಮತಾಂತರಗೊಂಡವನಿಗೆ ಮಾತ್ರವಲ್ಲ; ಅವನ ತಂದೆತಾಯಿಗಳಿಗೆ, ಅಣ್ಣತಮ್ಮಂದಿರಿಗೆ, ರಕ್ತಸಂಬಂಧಿಗಳಿಗೆ, ಕಡೆಗೆ ಜೊತೆಯಲ್ಲಿ ಕೆಲಸ ಮಾಡುವವರಿಗೂ ಕೊಡಲ್ಪಟ್ಟಿತು. ಆಮಿಷವಿರಲಿಲ್ಲವೆಂದು ಸಿದ್ಧಪಡಿಸುವ ಭಾರವನ್ನು ಆಪಾದಿತನ ಮೇಲೆಯೇ ಹೊರಿಸಲಾಯಿತು. ಸಾಮಾನ್ಯ ಪ್ರಸಂಗದಲ್ಲಿ ಮೂರರಿಂದ ಐದು ವರ್ಷಗಳ ಸೆರೆ. ಪರಿಶಿಷ್ಟ ಜಾತಿ ಪಂಗಡದವರು, ಸ್ತ್ರೀಯರು, ಅಪ್ರಾಪ್ತವಯಸ್ಕರ ಪ್ರಸಂಗದಲ್ಲಿ ಮೂರರಿಂದ ಹತ್ತು ವರ್ಷ. ತಪ್ಪು ಮಾಡಿದ ಸಂಸ್ಥೆಗೆ ಸರಕಾರದ ಧನಸಹಾಯವು ನಿಲ್ಲಬೇಕು. ಈಗ ಒಂದು ಪ್ರಸಂಗವನ್ನು ಊಹಿಸಿರಿ. ಒಬ್ಬ ದಲಿತ ಬಾಲಕಿಯು ಸಂನ್ಯಾಸಿನಿಯರ ಶಾಲೆಯಲ್ಲಿ ಶುಲ್ಕವಿಲ್ಲದೆ ಹತ್ತು ವರ್ಷ ಓದುತ್ತಾಳೆ. ಪ್ರಾಯಕ್ಕೆ ಬಂದ ಮೇಲೆ, ತನ್ನ ಬುದ್ಧಿಯಿಂದಲೇ ಎನ್ನೋಣ, ಕ್ರೈಸ್ತಮತವನ್ನು ಸ್ವೀಕರಿಸಲು ಇಚ್ಛಿಸುತ್ತಾಳೆ. ಹತ್ತು ವರ್ಷಗಳ ಪುಕ್ಕಟೆ ವಿದ್ಯೆಯು ಆಮಿಷವಾಗಿರಲಿಲ್ಲವೆಂದು ಆ ಸಂನ್ಯಾಸಿನಿಯರು ಯಾವ ರಶೀದಿಯನ್ನು ತೋರಿಸಿ ಸಿದ್ಧಪಡಿಸಬೇಕು? ಶುಲ್ಕವನ್ನು ತೆಗೆದುಕೊಂಡಿದ್ದರೆ ಈ ಸಂಶಯಕ್ಕೇ ಆಸ್ಪದವಿರುತ್ತಿರಲಿಲ್ಲ! ಅಂದರೆ ಉಳ್ಳವರ ಮಕ್ಕಳಿಂದ ಸಾವಿರಗಟ್ಟಲೆ ಶುಲ್ಕವನ್ನು ಎತ್ತುವ ಶಾಲೆಯು ನಿರ್ಭಯವಾಗಿ ನಡೆಯುತ್ತದೆ. ಬಡವರಿಗೆ ಬಿಟ್ಟುಕೊಡುವ ಶಾಲೆಯು ಭಯದಲ್ಲಿ ನಡೆಯುತ್ತದೆ. ಮತಾಂತರವನ್ನು ತಡೆಯಹೊರಟ ಕಾಯಿದೆಯು ದಾನವನ್ನು ತಡೆದಂತಾಯಿತು. ಇನ್ನೊಂದು ಮಾತು: ಪುಕ್ಕಟೆ ವಿದ್ಯೆಯು ಆಮಿಷವಾಗುವುದಾದರೆ, ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನಾಕ್ಷರಗಳನ್ನಿತ್ತು, ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾರ್ಯವನ್ನು ಏನೆಂದು ಕರೆಯಬೇಕು? ಅದನ್ನು ಯಾರೂ ಆಮಿಷವೆನ್ನಲಿಲ್ಲ. ಎನ್ನುವ ಅವಿವೇಕವನ್ನು ಯಾರೂ ಮಾಡಲಾರರು. ಹಾಗಾದರೆ ಒಂದೇ ಅನ್ನವು ಒಂದು ಪಂಕ್ತಿಯಲ್ಲಿ ಪ್ರಸಾದ, ಇನ್ನೊಂದರಲ್ಲಿ ಅಪರಾಧವೆ?

ಕೇಂದ್ರ ಸರಕಾರದ ಹತ್ತಿರವಿರುವ ಅಸ್ತ್ರವು ಬೇರೆ. ಪರದೇಶದ ದೇಣಿಗೆಗಳ ಕಾಯಿದೆಯನ್ನು ೨೦೨೦ರ ಸಪ್ಟೆಂಬರದಲ್ಲಿ ತಿದ್ದಿ, ಒಂದು ಸಂಸ್ಥೆಯು ತಾನು ಪಡೆದ ಪರದೇಶದ ಹಣವನ್ನು ಇನ್ನೊಂದಕ್ಕೆ ಹಂಚಕೂಡದೆಂದೂ, ಆಡಳಿತದ ವೆಚ್ಚವು ನೂರಕ್ಕೆ ೫೦ರ ಬದಲು ೨೦ನ್ನು ಮೀರಕೂಡದೆಂದೂ, ಹಣವೆಲ್ಲವೂ ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಮೂಲಕ ಬರಬೇಕೆಂದೂ ವಿಧಿಸಲಾಯಿತು. ೨೦೨೨ರ ಏಪ್ರಿಲಿನಲ್ಲಿ ಸುಪ್ರೀಮ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರದೇಶದ ಹಣದ ಮೇಲೆ ಸ್ವತಂತ್ರ ರಾಷ್ಟ್ರವೊಂದು ಕಣ್ಣಿಡುವುದು ನ್ಯಾಯವೇ ಸರಿ. ಆದರೆ ಕಣ್ಣಿಡುವ ರೀತಿಯೊಂದುಂಟು. ೨೦೨೧ರ ಕ್ರಿಸ್ಮಸ್ ದಿನದಂದೇ ಮದರ್ ತೆರೇಸಾ ಸ್ಥಾಪಿಸಿದ ಮಿಶನರೀಸ್ ಆಫ್ ಚಾರಿಟಿ ಸಂಘದ ಪರವಾನಿಗೆಯ ನವೀಕರಣವನ್ನು ‘ಪ್ರತಿಕೂಲ ಮಾಹಿತಿ’ಯೆಂಬ ಎರಡು ಶಬ್ದಗಳಿಂದ ನಿರಾಕರಿಸಲಾಯಿತು, ಎರಡು ವಾರಗಳೊಳಗೆ, ೨೦೨೨ರ ಜನವರಿಯ ಮೊದಲ ವಾರದಲ್ಲಿ, ಅದನ್ನು ಮತ್ತೆ ಕೊಡಲಾಯಿತು. ಆ ಮಾಹಿತಿಯು ಸತ್ಯವಾಗಿದ್ದರೆ ಪರವಾನಿಗೆಯನ್ನು ಮರಳಿ ಕೊಟ್ಟದ್ದೇಕೆ? ಸುಳ್ಳಾಗಿದ್ದರೆ ನಿರಾಕರಿಸಿದ್ದೇಕೆ? ಕಾರಣವನ್ನು ಹೇಳದೆ ಕಸಿದುಕೊಂಡು, ಕಾರಣವನ್ನು ಹೇಳದೆ ಮರಳಿಸುವುದು ಅರಸೊತ್ತಿಗೆಯ ಪದ್ಧತಿಯಲ್ಲದೆ ಪ್ರಜಾಸತ್ತೆಯ ಪದ್ಧತಿಯಲ್ಲ.

ಸರಕಾರದ ದೋಷವನ್ನು ಇಷ್ಟು ಹೇಳಿದ ನಾವು ಕ್ಯಾಥೊಲಿಕ ಸಂಸ್ಥೆಗಳ ದೋಷವನ್ನು ಮುಚ್ಚಿಡಲಾರೆವು. ಆಲದ ಮರದ ಕೆಳಗೆ ಬಡವರಿಗಾಗಿ ಹುಟ್ಟಿದ ಸಂಪ್ರದಾಯವು ಇಂದು ಎಲ್ಲಿ ಬಂದು ನಿಂತಿದೆ? ಪಟ್ಟಣಗಳಲ್ಲಿ ಕಾನ್ವೆಂಟೆಂಬ ಶಬ್ದಕ್ಕೆ ಬಡವರ ಆಶ್ರಯವೆಂಬ ಅರ್ಥವು ಹೋಗಿ, ಉಳ್ಳವರ ಇಂಗ್ಲಿಷ್ ಶಾಲೆಯೆಂಬ ಅರ್ಥವು ಬಂದು ಎಷ್ಟೋ ಕಾಲವಾಯಿತು. ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳು ನೂರಕ್ಕೆ ೨೫ರಷ್ಟು ಸ್ಥಳಗಳನ್ನು ಬಡಮಕ್ಕಳಿಗೆ ಬಿಡಬೇಕೆಂದಾಗ, ಅಲ್ಪಸಂಖ್ಯಾತರ ಶಾಲೆಗಳಿಗೆ ಅದರಿಂದ ವಿನಾಯಿತಿಯು ದೊರೆಯಿತು. ೨೦೧೨ರಲ್ಲಿ ಅನುದಾನವಿಲ್ಲದ ಶಾಲೆಗಳಿಗೆ, ೨೦೧೪ರಲ್ಲಿ ಅನುದಾನವುಳ್ಳವುಗಳಿಗೂ. ಸಂವಿಧಾನದ ೩೦ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಕೊಟ್ಟ ರಕ್ಷಣೆಯನ್ನು ನಾವು ಗೌರವಿಸುತ್ತೇವೆ. ಆದರೆ ಬಡವರ ಸೇವೆಯೇ ನಮ್ಮ ವ್ರತವೆಂದು ಸಾರುವವರು, ಬಡವನಿಗೆ ಬಾಗಿಲು ತೆರೆಯೆಂದ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಅದೇ ೩೦ನೆಯ ವಿಧಿಯ ಮರೆಯಲ್ಲಿ ನಿಲ್ಲುವುದು ನಮಗೆ ಒಪ್ಪಿಗೆಯಾಗದು. ೨೦೨೫ರ ಸಪ್ಟೆಂಬರದಲ್ಲಿ ಸುಪ್ರೀಮ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ೨೦೧೪ರ ತೀರ್ಪಿನ ಬಗ್ಗೆಯೇ ಸಂಶಯವನ್ನು ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ಕೋರ್ಟಿನ ಅಂತಿಮ ಮಾತಿಗೆ ಕಾಯದೆ ತಾವಾಗಿಯೇ ಆ ನಾಲ್ಕನೆಯ ಒಂದು ಭಾಗವನ್ನು ತೆರೆದಿಡಲು ಧರ್ಮಪ್ರಾಂತಗಳಿಗೆ ಅಡ್ಡಿಯಾದರೂ ಏನು?

ಜಾತಿಯ ವಿಷಯವೂ ಹಾಗೆಯೇ. ಅಸ್ಪೃಶ್ಯತೆಯನ್ನು ಬಿಟ್ಟುಬಂದವರಿಗೆ ಇಗರ್ಜಿಯ ಒಳಗೂ ಅದರ ನೆರಳು ತಪ್ಪಲಿಲ್ಲವೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಕ್ಯಾಥೊಲಿಕ ಬಿಶಪರ ಮಂಡಲವೇ ೨೦೧೬ರ ಡಿಸೆಂಬರದಲ್ಲಿ ಪ್ರಕಟಿಸಿದ ದಲಿತರ ಸಬಲೀಕರಣದ ನೀತಿಯಲ್ಲಿ ಒಪ್ಪಿಕೊಂಡಿತು. ಮತ ಬದಲಿಸಿದ ದಲಿತನು ೧೯೫೦ರ ರಾಷ್ಟ್ರಪತಿಗಳ ಆಜ್ಞೆಯಿಂದ ಪರಿಶಿಷ್ಟ ಜಾತಿಯ ಸೌಲಭ್ಯಗಳನ್ನು ಕಳೆದುಕೊಳ್ಳುತ್ತಾನೆ. ಆಮಿಷದಿಂದಲೇ ಎಲ್ಲರೂ ಮತಾಂತರವಾಗುತ್ತಾರೆಂದು ವಾದಿಸುವವರು, ಕೈಯಲ್ಲಿದ್ದ ಸೌಲಭ್ಯವನ್ನು ಬಿಟ್ಟು ಹೋಗುವವನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು.

ಕನ್ನಡದ ವಿಷಯದಲ್ಲಿ ಅವರ ಸಾಲವೂ ಇದೆ, ಬಾಕಿಯೂ ಇದೆ. ಶ್ರೀರಂಗಪಟ್ಟಣಕ್ಕೆ ಹದಿನೇಳನೆಯ ಶತಮಾನದ ನಡುವೆ ಬಂದ ಇಟಲಿಯ ಲಿಯೊನಾರ್ಡೋ ಚಿನ್ನಾಮಿಯು ಕನ್ನಡಕ್ಕೆ ವ್ಯಾಕರಣವನ್ನು ಬರೆದನು; ಮೈಸೂರು ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್ ಕನ್ನಡ ನಿಘಂಟನ್ನು ಅಚ್ಚುಮಾಡಿದರು. ಅಂಥ ಪರಂಪರೆಯುಳ್ಳವರ ಶಾಲೆಗಳಲ್ಲಿಯೇ ಕನ್ನಡವು ಹಿತ್ತಲ ಬಾಗಿಲಿನಲ್ಲಿ ನಿಂತಿರುವುದು, ರಾಜಧಾನಿಯ ಇಗರ್ಜಿಗಳಲ್ಲಿ ಕನ್ನಡದ ಪೂಜೆಗಾಗಿ ಕನ್ನಡಿಗ ಕ್ಯಾಥೊಲಿಕರೇ ಹೋರಾಡಬೇಕಾಗಿ ಬಂದದ್ದು ವಿಷಾದದ ಸಂಗತಿ. ಗಡಿಯ ಈ ಐದು ತಾಲೂಕುಗಳಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಇಲ್ಲಿ ಸೇವೆಗೆ ಬರುವವರು ಯಾವ ಭಾಷೆಯಲ್ಲಿ ರೋಗಿಯ ನೋವನ್ನು ಕೇಳಿಸಿಕೊಳ್ಳುತ್ತಾರೆಂಬುದು ಅಲಂಕಾರದ ಪ್ರಶ್ನೆಯಲ್ಲ.

ಹಾಗಾದರೆ ಇಂಥ ಸಂಸ್ಥೆಗಳಿಗೂ ಸರಕಾರಕ್ಕೂ ಇರಬೇಕಾದ ಸಂಬಂಧವೆಂಥದು? ಇದಕ್ಕೊಂದು ನಿದರ್ಶನವು ನಮ್ಮಲ್ಲಿಯೇ ಉಂಟು. ೧೯೭೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕುಷ್ಠರೋಗಿಗಳ ಪುನರ್ವಸತಿಯ ಹೊಣೆಯನ್ನು ಹೊರಬೇಕೆಂದು ಕರ್ನಾಟಕ ಸರಕಾರವು ತಾನಾಗಿಯೇ ಬೆಂಗಳೂರಿನ ಮಹಾಧರ್ಮಪ್ರಾಂತವನ್ನು ಕೇಳಿಕೊಂಡಿತು. ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. ಸುಮನಹಳ್ಳಿಯು ಹುಟ್ಟಿದ್ದು ಹೀಗೆ. ಅಲ್ಲಿ ರೋಗಿಯು ಔಷಧದ ಜೊತೆಗೆ ಕಸುಬನ್ನೂ ಕಲಿತನು. ಏಕೆಂದರೆ ಕುಷ್ಠವು ಗುಣವಾದರೂ ಊರು ಅವನನ್ನು ಕರೆದುಕೊಳ್ಳುತ್ತಿರಲಿಲ್ಲ. ಆಗ ಬೆಂಗಳೂರಿನ ಹೊರಗಿದ್ದ ಆ ಭೂಮಿಯು ಈಗ ನಗರದ ಒಳಗೆ ಬಂದು ಬಂಗಾರದ ಬೆಲೆಯನ್ನು ಪಡೆದಿದೆ. ಗುತ್ತಿಗೆಯ ಅವಧಿಯು ಮುಗಿದ ಮೇಲೆ ಭೂಮಿಯ ಹಕ್ಕಿನ ಪ್ರಶ್ನೆಯು ಎದ್ದದ್ದು ಆಶ್ಚರ್ಯವಲ್ಲ. ಗುತ್ತಿಗೆಯ ಕರಾರಿನಂತೆ ಲೆಕ್ಕವನ್ನು ಕೇಳುವ ಹಕ್ಕು ಸರಕಾರಕ್ಕಿದೆ. ಯಾರೂ ಮುಟ್ಟದಿದ್ದಾಗ ರೋಗಿಗಳನ್ನು ಒಪ್ಪಿಸಿ, ಬೆಲೆ ಬಂದಾಗ ಭೂಮಿಯನ್ನು ಮಾತ್ರ ನೆನೆಸಿಕೊಳ್ಳುವ ಹಕ್ಕು ಇಲ್ಲ. ೧೮೯೮ರ ಕುಷ್ಠರೋಗಿಗಳ ಕಾಯಿದೆಯನ್ನು ಪಾರ್ಲಿಮೆಂಟು ರದ್ದುಪಡಿಸಿದ್ದು ೨೦೧೬ರಲ್ಲಿ. ಕುಷ್ಠವು ವಿವಾಹವಿಚ್ಛೇದಕ್ಕೆ ಕಾರಣವಾಗಕೂಡದೆಂದು ತಿದ್ದುಪಡಿ ಮಾಡಿದ್ದು ೨೦೧೯ರಲ್ಲಿ. ಶಾಸನವು ಬರುವುದಕ್ಕಿಂತ ಎಷ್ಟೋ ಮೊದಲು ಸೇವೆಯು ಬಂದಿತ್ತು. ಆದರೆ ಸೇವೆಯೊಂದರಿಂದಲೇ ಆ ಕಾಯಿದೆಗಳು ಬಿದ್ದವೆ? ಅದಕ್ಕೆ ಹಕ್ಕಿನ ಹೋರಾಟವೂ ಬೇಕಾಯಿತು.

ಇಲ್ಲಿಯೇ ದಾನಕ್ಕೂ ರಾಜಕಾರಣಕ್ಕೂ ನಡುವಿನ ಗೆರೆಯು ತೆಳ್ಳಗಾಗುತ್ತದೆ. ಬಡವನಿಗೆ ಗಂಜಿಯನ್ನು ಕೊಡುವ ಪಾದ್ರಿಯನ್ನು ಎಲ್ಲ ಸರಕಾರಗಳೂ ಹೊಗಳುತ್ತವೆ. ಅವನ ಗಂಜಿಯ ಭತ್ತವು ಎಲ್ಲಿ ಹೋಯಿತೆಂದು ಕೇಳುವ ಪಾದ್ರಿಯನ್ನು ಯಾವ ಸರಕಾರವೂ ಮೆಚ್ಚುವದಿಲ್ಲ. ೧೯೭೫ರಿಂದ ಹನ್ನೊಂದು ವರ್ಷ ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯ ನಿರ್ದೇಶಕನಾಗಿದ್ದ ಜೆಸುಯಿಟ್ ಸ್ಟ್ಯಾನ್ ಸ್ವಾಮಿಯು ಅನಂತರ ಝಾರ್ಖಂಡದ ಆದಿವಾಸಿಗಳ ಭೂಮಿಯ ಹಕ್ಕಿನ ಕೆಲಸಕ್ಕೆ ಇಳಿದನು. ೨೦೨೦ರಲ್ಲಿ ಭೀಮಾ ಕೋರೆಗಾಂವ ಮೊಕದ್ದಮೆಯಲ್ಲಿ ಬಂಧಿತನಾಗಿ, ೮೪ನೆಯ ವಯಸ್ಸಿನಲ್ಲಿ, ಜಾಮೀನಿನ ವಿಚಾರಣೆಯು ನಡೆಯುತ್ತಿರುವಾಗಲೇ ೨೦೨೧ರ ಜುಲೈ ೫ರಂದು ಮುಂಬಯಿಯ ಆಸ್ಪತ್ರೆಯಲ್ಲಿ ಮೃತನಾದನು. ಅವನ ಮೇಲಿನ ಆಪಾದನೆಯು ಸಿದ್ಧವಾಗಲೂ ಇಲ್ಲ, ಅಸಿದ್ಧವಾಗಲೂ ಇಲ್ಲ, ವಿಚಾರಣೆಯೇ ನಡೆಯಲಿಲ್ಲ. ಅವನ ಮತಗಳೆಲ್ಲವನ್ನೂ ಒಪ್ಪದವರೂ, ಪಾರ್ಕಿನ್ಸನ್ ರೋಗದಿಂದ ಕೈನಡುಗುವ ವೃದ್ಧನು ನೀರು ಕುಡಿಯುವ ಕೊಳವೆಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತೆಂಬುದನ್ನು ಓದಿ ತಲೆತಗ್ಗಿಸಿದರು.

ನಮ್ಮವರು ಕೈಕಟ್ಟಿ ಕುಳಿತಿದ್ದರೆಂದು ಇದರಿಂದ ಯಾರೂ ತಿಳಿಯಬಾರದು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನವನ್ನೇ ವಿದ್ಯೆಗಾಗಿ ಬರೆದಿಟ್ಟರು. ೧೯೧೬ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸೇವಾದಳದ ಹರ್ಡೀಕರರು ಘಟಪ್ರಭೆಯ ಆರೋಗ್ಯಧಾಮಕ್ಕಾಗಿ ಜೀವವನ್ನು ತೇದರು. ಮಿಶನ್ನಿನವರನ್ನು ಕಂಡು ಕಲಿತದ್ದೂ ಇದರಲ್ಲಿದೆ, ಅವರೊಡನೆ ಹೂಡಿದ ಸ್ಪರ್ಧೆಯೂ ಇದೆ. ಸ್ಪರ್ಧೆಯು ಬಡವನಿಗೆ ಲಾಭವನ್ನೇ ತಂದಿತು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ತಾಲೂಕುಗಳ ನದೀತೀರದ ಊರುಗಳನ್ನು ಮುಳುಗಿಸಿದಾಗ, ಕಂಬಳಿಯನ್ನು ಕೊಟ್ಟ ಕೈಯ ಮತವನ್ನು ಯಾವ ಸಂತ್ರಸ್ತನೂ ಕೇಳಲಿಲ್ಲ. ಕೊಡುವವನು ತೆಗೆದುಕೊಳ್ಳುವವನ ಮತವನ್ನು ಕೇಳದಿದ್ದರೆ ಸಾಕು.

ಕಾಯಿದೆಯನ್ನು ರದ್ದುಪಡಿಸುವುದಾಗಲಿ ತಿದ್ದುವುದಾಗಲಿ ಶಾಸನಸಭೆಯ ಕೆಲಸ. ನಮ್ಮ ಸೂಚನೆಯು ಇಷ್ಟೇ. ವ್ಯಾಖ್ಯ��ಯಲ್ಲಿಂದ ಪುಕ್ಕಟೆ ಶಿಕ್ಷಣವೆಂಬ ಮಾತನ್ನು ತೆಗೆದುಹಾಕಿ, ಶಿಕ್ಷಣವನ್ನೋ ಔಷಧವನ್ನೋ ಮತಾಂತರದ ಷರತ್ತಿನ ಮೇಲೆ ಕೊಡುವುದನ್ನು ಮಾತ್ರ ಅಪರಾಧವಾಗಿಸಲಿ. ಸಿದ್ಧಪಡಿಸುವ ಭಾರವು, ಎಲ್ಲ ಅಪರಾಧಗಳಲ್ಲಿರುವಂತೆ, ಆಪಾದಿಸುವವರ ಮೇಲೆ ಇರಲಿ. ದೂರುವ ಅಧಿಕಾರವು ವಂಚಿತನಾದವನ ಕೈಯಲ್ಲಿರಲಿ, ಅವನ ಕಚೇರಿಯ ಜೊತೆಗಾರನ ಕೈಯಲ್ಲಲ್ಲ. ಇದಕ್ಕೆ ಪ್ರತಿಯಾಗಿ, ಸಾರ್ವಜನಿಕ ಭೂಮಿಯನ್ನೋ ಅನುದಾನವನ್ನೋ ಪಡೆದ ಪ್ರತಿಯೊಂದು ಮತಸಂಸ್ಥೆಯೂ, ಇಗರ್ಜಿಯಾಗಲಿ ಮಠವಾಗಲಿ ದರ್ಗಾ ಆಗಲಿ, ವರ್ಷಕ್ಕೊಮ್ಮೆ ತನ್ನ ಜಮಾಖರ್ಚನ್ನೂ, ಪುಕ್ಕಟೆಯಾಗಿ ಓದಿಸಿದ ಮಕ್ಕಳ ಮತ್ತು ಉಪಚರಿಸಿದ ರೋಗಿಗಳ ಸಂಖ್ಯೆಯನ್ನೂ ಕನ್ನಡದಲ್ಲಿ ಅಚ್ಚುಮಾಡಿಸಿ, ಆಯಾ ಗ್ರಾಮಪಂಚಾಯತಿಯ ಚಾವಡಿಯಲ್ಲಿ ಎಲ್ಲರೂ ಓದುವಂತೆ ತೂಗುಹಾಕಲಿ.